ಶೋರೂಮ್ ಬಿಡಲೋ, ಇರಲೋ? ಪಾನಾ ಹಿಡಿಯುವ ಕೈಗೆ ಉದ್ರಿ ಪುಸ್ತಕವೂ ಬರಬೇಕು

ಪ್ರಶ್ನೆ: ನನಗೆ 31 ವರ್ಷ. ಊರು ಸಿರುಗುಪ್ಪ. ಐಟಿಐ ಮುಗಿಸಿ ಏಳು ವರ್ಷದಿಂದ ಬಳ್ಳಾರಿಯ ಒಂದು ಕಾರ್ ಶೋರೂಮಿನ ಸರ್ವಿಸ್ ವಿಭಾಗದಲ್ಲಿ ಮೆಕ್ಯಾನಿಕ್ ಆಗಿದ್ದೇನೆ. ಪಗಾರ 16,500, ಅದರಲ್ಲಿ ಬೇಸಿಕ್ 13,000. ಇನ್ಸೆಂಟಿವ್ ಸೇರಿ ಕೈಗೆ 18 ಸಾವಿರ ಬರುತ್ತದೆ. ದಿನಕ್ಕೆ ಮೂರು ನಾಲ್ಕು ಗಾಡಿ ಮುಗಿಸಿ ಕೊಡುತ್ತೇನೆ. ಒಂದೊಂದು ಬಿಲ್ಲಿನಲ್ಲಿ ಲೇಬರ್ ಅಂತಲೇ ಎರಡು ಸಾವಿರದ ಮೇಲೆ ಇರುತ್ತದೆ. ದುಡಿಯುವವನು ನಾನು, ದುಡ್ಡು ಅವರಿಗೆ. ಸಿರುಗುಪ್ಪದಲ್ಲಿ ರೋಡಿನ ಪಕ್ಕ ಅಪ್ಪನ ಹೆಸರಿನಲ್ಲಿ 30-40ರ ಸೈಟ್ ಇದೆ. ಹೆಂಡತಿಯ ಬಂಗಾರ ಅಡ ಇಟ್ಟು ಅಲ್ಲೇ ಸ್ವಂತ ಗ್ಯಾರೇಜ್ ಹಾಕೋಣ ಅಂತಿದ್ದೇನೆ. ಆಕೆಗೆ ಈಗ ಐದು ತಿಂಗಳು. ಶೋರೂಮ್ ಬಿಡಲೋ, ಇರಲೋ?

ಉತ್ತರ: ನೀವು ಕೊನೆಗೆ ಬರೆದ ಮಾತಿನಿಂದಲೇ ಶುರು ಮಾಡುತ್ತೇನೆ. ಮನೆಯವರಿಗೆ ಐದು ತಿಂಗಳು ಅಂದಿದ್ದೀರಿ. ಹಾಗಿದ್ದರೆ ಹೆರಿಗೆ ಆಗಿ, ಕೂಸಿಗೆ ನಾಲ್ಕಾರು ತಿಂಗಳು ತುಂಬುವ ತನಕ ರಾಜೀನಾಮೆಯ ಮಾತೇ ಬೇಡ. ನಿಮ್ಮ ಪಗಾರ 21,000 ರೂಪಾಯಿ ಮಿತಿಯ ಒಳಗಿದೆ, ಅಂದರೆ ನೀವು ಇಎಸ್‌ಐ ಅನ್ನುವ ನೌಕರರ ಸರ್ಕಾರಿ ಆರೋಗ್ಯ ವಿಮೆಯಲ್ಲಿದ್ದೀರಿ. ನಿಮ್ಮಿಂದ ಶೇ 0.75 ಹಿಡಿಯುತ್ತಾರೆ, ಮಾಲೀಕರು ಶೇ 3.25 ಕಟ್ಟುತ್ತಾರೆ. ತಿಂಗಳಿಗೆ ನೂರೈವತ್ತು ರೂಪಾಯಿ ಆಸುಪಾಸಿನಲ್ಲಿ ನಿಮಗೂ ನಿಮ್ಮ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ. ಹೆರಿಗೆಯೂ ಅದರಲ್ಲಿ ಬರುತ್ತದೆ. ಕ್ಯೂ ಜಾಸ್ತಿ, ಚೀಟಿ ಬರೆಸಲು ಅಲೆದಾಟ ಜಾಸ್ತಿ ಅಂತ ಜನ ಗೊಣಗುತ್ತಾರೆ. ಗೊಣಗಲಿ. ಒಂದು ಸಿಸೇರಿಯನ್ ಬಿಲ್ ಕೈಗೆ ಬಂದಾಗ ಆ ಕ್ಯೂ ಏನೂ ಅನ್ನಿಸುವುದಿಲ್ಲ. ಗ್ಯಾರೇಜ್ ಹಾಕಿದ ಮೊದಲ ವರ್ಷ ನಿಮಗೆ ಬಿಡುವೂ ಇರಲ್ಲ, ಕಾಸೂ ಇರಲ್ಲ. ಎಳೆ ಕೂಸು ಮತ್ತು ಹೊಸ ಗ್ಯಾರೇಜ್ ಒಟ್ಟಿಗೆ ಸಾಕಲು ಹೋಗಬೇಡಿ.

ಇನ್ನು ಆ ಲೇಬರ್ ಸಾಲು. ನಿಮ್ಮ ಹೊಟ್ಟೆ ಉರಿಸುತ್ತಿರುವುದು ಅದೇ ಅಲ್ವಾ? ನನಗೂ ಉರಿದಿತ್ತು. ನಾನು ಎಂಟು ವರ್ಷ ಶೋರೂಮಿನಲ್ಲಿ ದುಡಿದು 2009ರಲ್ಲಿ ಗಂಗಾವತಿಯಲ್ಲಿ ಗ್ಯಾರೇಜ್ ಹಾಕಿದವನು. ಬಿಡುವ ಮೊದಲು ನಾನೂ ಬಿಲ್ ಬುಕ್ ನೋಡಿ ಮನಸ್ಸಿನಲ್ಲೇ ಗುಣಿಸುತ್ತಿದ್ದೆ. ದಿನಕ್ಕೆ ನಾಲ್ಕು ಗಾಡಿ, ತಿಂಗಳಿಗೆ ನೂರು ಗಾಡಿ, ಅಬ್ಬಾ!

ಆದರೆ ಗಿರಾಕಿ 2,360 ರೂಪಾಯಿ ಲೇಬರ್ ಕೊಟ್ಟರೆ ಅದರಲ್ಲಿ 360 ರೂಪಾಯಿ ಜಿಎಸ್‌ಟಿ. ಅದು ಸರ್ಕಾರದ್ದು. ಉಳಿದ ಎರಡು ಸಾವಿರದಲ್ಲಿ ನಿಮ್ಮ ಪಗಾರ, ಗಾಡಿ ತೊಳೆಯುವ ಹುಡುಗರ ಪಗಾರ, ಅಡ್ವೈಸರ್, ಕ್ಯಾಷಿಯರ್, ಸೂಪರ್‌ವೈಸರ್, ಗಾಡಿ ತಂದು ಬಿಡುವ ಡ್ರೈವರ್, ಕಟ್ಟಡದ ಬಾಡಿಗೆ, ಜನರೇಟರಿನ ಡೀಸೆಲ್, ಗಿರಾಕಿ ಕೂರುವ ಗಾಜಿನ ರೂಮಿನ ಎಸಿ, ಎಲ್ಲಾ ಹೋಗಬೇಕು. ಕಂಪನಿ ಹೊಸ ಮಾಡೆಲ್ ಬಿಟ್ಟಾಗಲೆಲ್ಲ ಅದಕ್ಕೊಂದು ಸ್ಪೆಷಲ್ ಟೂಲ್ ಬರುತ್ತದೆ. ವರ್ಷಕ್ಕೆ ನಾಲ್ಕು ಸಲ ಕೈಗೆ ಹಿಡಿದರೂ ಅದನ್ನು ಕೊಳ್ಳಲೇಬೇಕು. ಅದೂ ಈ ದುಡ್ಡಿನಲ್ಲೇ. ನಾಲ್ಕು ಗಾಡಿ ಇಲ್ಲದ ದಿನವೂ ನಿಮಗೆ ಪಗಾರ ಬರುತ್ತದೆ. ಆಷಾಢದಲ್ಲಿ ಫ್ಲೋರ್ ಖಾಲಿ ಹೊಡೆಯುವಾಗ ಟೀ ಕುಡಿಯುತ್ತಾ ನಿಂತಿರುತ್ತೀರಲ್ಲ, ಆ ಗಂಟೆಗಳ ದುಡ್ಡು ಕೂಡ ಆ ಲೇಬರ್ ಸಾಲಿನಿಂದಲೇ ಬರುವುದು. ಶೋರೂಮ್ ಮಾಲೀಕರು ಪಾಪ ಬಡವರು ಅಂತ ನಾನು ಹೇಳುತ್ತಿಲ್ಲ. ಆ ಎರಡು ಸಾವಿರ ಸ್ವಂತ ಗ್ಯಾರೇಜಿನಲ್ಲಿ ನೇರ ನಿಮ್ಮ ಜೇಬಿಗೆ ಬೀಳುತ್ತದೆ ಅಂದುಕೊಂಡರೆ ಲೆಕ್ಕ ಅಲ್ಲೇ ತಪ್ಪುತ್ತದೆ, ಅಷ್ಟೇ. ಜೊತೆಗೆ, ಸಿರುಗುಪ್ಪದಲ್ಲಿ ಅದೇ ಕೆಲಸಕ್ಕೆ ಯಾರೂ ಎರಡು ಸಾವಿರ ಕೊಡುವುದಿಲ್ಲ. ಎಂಟುನೂರು, ಸಾವಿರ. ಅದಕ್ಕೂ ಚೌಕಾಸಿ.

ನಿಮ್ಮ ಸೈಟಿನ ಲೆಕ್ಕವನ್ನು ನಾನೇ ಒಂದು ಹಾಳೆಯಲ್ಲಿ ಹಾಕಿ ನೋಡಿದೆ. ಇಬ್ಬರು ಹುಡುಗರಿಗೆ 22 ಸಾವಿರ. ಶೆಡ್ ಮತ್ತು ಸಾಮಗ್ರಿಯ ಸಾಲದ ಕಂತು ಆರೂವರೆ ಸಾವಿರ. ಜೆಸ್ಕಾಂ ಕಮರ್ಷಿಯಲ್ ಕರೆಂಟ್ ಬಿಲ್ ಮೂರು ಸಾವಿರ. ಟೀ, ಪೆಟ್ರೋಲ್, ಫೋನ್ ಅಂತ ನಾಲ್ಕು ಸಾವಿರ. ಗ್ರೀಸ್, ಬಟ್ಟೆ, ಮುರಿದ ಪಾನಾ, ಕಳೆದ ಸಾಕೆಟ್ ಅಂತ ಮೂರೂವರೆ ಸಾವಿರ. ಅಲ್ಲಿಗೆ 39 ಸಾವಿರ ಆಯಿತು. ಮನೆಗೆ ಈಗ ಒಯ್ಯುವಷ್ಟೇ 18 ಸಾವಿರ ಒಯ್ಯಿರಿ. ಪಿಎಫ್‌ಗೆ ಈಗ ನಿಮ್ಮಿಂದ 1,560, ಅವರಿಂದ ಅಷ್ಟೇ ಹೋಗುತ್ತಿದೆ. ಅದರ ಬದಲಿಗೆ ಮೂರು ಸಾವಿರ ನೀವೇ ಎತ್ತಿಡಬೇಕು. ಒಟ್ಟು 60 ಸಾವಿರ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 2,300 ರೂಪಾಯಿ. ಇದು ಬಿಲ್ಲಿನ ಮೊತ್ತ ಅಲ್ಲ, ಸಾಮಾನಿನ ದುಡ್ಡು ಕಳೆದು ಕೈಯಲ್ಲಿ ಉಳಿಯಬೇಕಾದದ್ದು. ಇಷ್ಟು ಗಳಿಸಿದ ದಿನ ನೀವು ಶೋರೂಮಿನಲ್ಲಿದ್ದಾಗ ಹೇಗಿದ್ದಿರೋ ಹಾಗೇ ಇರುತ್ತೀರಿ, ಒಂದು ರೂಪಾಯಿಯೂ ಮೇಲಿಲ್ಲ. ಅದರ ಮೇಲಿನದು ಸ್ವಂತ ಗ್ಯಾರೇಜಿನ ಗಳಿಕೆ. ಬಾಡಿಗೆ ಇಲ್ಲದ ಸೈಟ್ ಇರುವ ನಿಮಗೇ ಇಷ್ಟು. ಬಳ್ಳಾರಿಯಲ್ಲಿ ರೋಡಿಗೆ ಜಾಗ ಹಿಡಿದರೆ ಅಡ್ವಾನ್ಸ್ ಮತ್ತು ಬಾಡಿಗೆ ಇದರ ಮೇಲೆ ಕೂರುತ್ತವೆ.

ದಿನಕ್ಕೆ 2,300 ಕಷ್ಟವೇನಲ್ಲ. ಎರಡು ಸರ್ವಿಸ್, ಒಂದು ಬ್ರೇಕ್ ಕೆಲಸ, ಸಾಮಾನಿನಲ್ಲಿ ಸ್ವಲ್ಪ ಮಾರ್ಜಿನ್. ನಿಮ್ಮ ಕೈ ಇದನ್ನು ಮಾಡಬಲ್ಲದು, ಅದರಲ್ಲಿ ನನಗೆ ಅನುಮಾನವಿಲ್ಲ. ನನ್ನ ಅನುಮಾನ ಬೇರೆ ಕಡೆ ಇದೆ. ಶೋರೂಮಿನಲ್ಲಿ ಏಳು ವರ್ಷ ಇದ್ದರೂ ನೀವು ಗಿರಾಕಿಯ ಮುಖ ನೋಡಿಲ್ಲ. ಅವರ ದೂರನ್ನು ಅಡ್ವೈಸರ್ ಕೇಳಿ ಜಾಬ್ ಕಾರ್ಡಿನಲ್ಲಿ ಬರೆಯುತ್ತಾನೆ. ರೇಟು ಕಂಪ್ಯೂಟರ್ ಹೇಳುತ್ತದೆ. ದುಡ್ಡು ಕ್ಯಾಷಿಯರ್ ತೆಗೆದುಕೊಳ್ಳುತ್ತಾನೆ. ದುಡ್ಡು ಕೊಡದೆ ಗಾಡಿ ಗೇಟು ದಾಟಲ್ಲ. ಗಾಡಿ ರಿಪೇರಿ ಮಾಡುವುದನ್ನು ನಿಮಗೆ ಚೆನ್ನಾಗಿ ಕಲಿಸಿದರು, ದುಡ್ಡು ಕೇಳುವುದನ್ನು ಕಲಿಸಲಿಲ್ಲ. ನಮ್ಮ ಕಡೆ ಗ್ಯಾರೇಜ್ ಮುಚ್ಚಿದವರನ್ನು ನಾನು ಎಷ್ಟೋ ನೋಡಿದ್ದೇನೆ. ಕೆಲಸ ಬಾರದೆ ಮುಚ್ಚಿದವರು ಕಡಿಮೆ, ವಸೂಲಿ ಬಾರದೆ ಮುಚ್ಚಿದವರೇ ಜಾಸ್ತಿ.

ನನ್ನದೇ ಕತೆ ಕೇಳಿ. ಮೊದಲ ವರ್ಷ ಬಾಗಿಲಿಗೆ ಬಂದವರಿಗೆಲ್ಲ ಕೆಲಸ ಮಾಡಿಕೊಟ್ಟೆ. "ಭತ್ತ ಮಾರಿದ ಕೂಡ್ಲೇ ಕೊಡ್ತೀನ್ರಿ ಮೇಸ್ತ್ರಿ" ಅಂದರು. ಒಳ್ಳೆಯ ಜನ, ಸುಳ್ಳು ಹೇಳುವವರಲ್ಲ. ಆದರೆ ಭತ್ತ ಮಾರಿದ ದುಡ್ಡಿನ ಮುಂದೆ ಗೊಬ್ಬರದ ಅಂಗಡಿ, ಕಟಾವು ಮಷೀನಿನ ಬಾಡಿಗೆ, ಕೈಸಾಲ, ಮಗಳ ಮದುವೆ ಎಲ್ಲಾ ಸಾಲಾಗಿ ನಿಂತಿರುತ್ತವೆ. ಮೇಸ್ತ್ರಿ ಆ ಸಾಲಿನ ತುದಿಯಲ್ಲಿ. ವರ್ಷದ ಕೊನೆಗೆ ಉದ್ರಿ ಪುಸ್ತಕ ಕೂಡಿಸಿದರೆ 74 ಸಾವಿರ ರೂಪಾಯಿ ಊರಿನ ಜೇಬುಗಳಲ್ಲಿತ್ತು. ಲೆಕ್ಕದಲ್ಲಿ ನಾನು ಲಾಭದಲ್ಲಿದ್ದೆ. ಮನೆಯಲ್ಲಿ ಅಕ್ಕಿ ತರಲು ಕಾಸಿರಲಿಲ್ಲ. ಅದೂ ಗಂಗಾವತಿಯಲ್ಲಿ, ಸುತ್ತಲೂ ರೈಸ್ ಮಿಲ್ಲು ಇರುವ ಊರಿನಲ್ಲಿ! ಆಮೇಲೆ ಒಂದು ನಿಯಮ ಮಾಡಿಕೊಂಡೆ, ಇವತ್ತಿಗೂ ಅದೇ ನಡೆಯುತ್ತಿದೆ. ಸಾಮಾನಿನ ದುಡ್ಡು ನಗದು, ಲೇಬರ್ ಬೇಕಾದರೆ ಉದ್ರಿ. "ಸಾಮಾನು ನಾನು ಅಂಗಡಿಯಿಂದ ದುಡ್ಡು ಕೊಟ್ಟು ತರಬೇಕು, ನನ್ನ ಕೂಲಿ ನೀವು ಆಮೇಲೆ ಕೊಡಿ" ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಉದ್ರಿ ಮುಳುಗಿದರೂ ನನ್ನ ಬೆವರು ಹೋಗುತ್ತದೆಯೇ ಹೊರತು ಅಂಗಡಿಯವನ ಸಾಲ ಏರುವುದಿಲ್ಲ.

ಸಿರುಗುಪ್ಪ ನಿಮ್ಮ ಸ್ವಂತ ಊರು ಅನ್ನುವುದೇ ನನಗೆ ಸ್ವಲ್ಪ ಭಯ. ಸೋದರಮಾವನ ಗಾಡಿ, ಅಪ್ಪನ ಗೆಳೆಯರ ಗಾಡಿ, ಶಾಲೆಯಲ್ಲಿ ಜೊತೆಗೆ ಓದಿದವನ ಬೈಕು, ಎಲ್ಲಾ ಬರುತ್ತವೆ. "ನಮ್ಮ ಹುಡುಗನ ಗ್ಯಾರೇಜ್" ಅಂತ ಪ್ರೀತಿಯಿಂದಲೇ ಬರುತ್ತಾರೆ, ಅದೇ ಪ್ರೀತಿಯಿಂದ ಹೋಗುತ್ತಾರೆ. ಮೊದಲನೇ ದಿನದಿಂದಲೇ ಎಲ್ಲರಿಗೂ ಚೀಟಿ ಬರೆಯಿರಿ. ಮಾವನಿಗೂ ಬರೆಯಿರಿ. ಚೀಟಿಯಲ್ಲಿ ಲೇಬರ್ 600 ಅಂತ ಬರೆದು, ಪಕ್ಕದಲ್ಲಿ 200 ಬಿಟ್ಟಿದ್ದೇನೆ ಅಂತ ಬರೆದು 400 ತೆಗೆದುಕೊಳ್ಳಿ. ಬರೆಯದೆ ಬಿಟ್ಟ ದುಡ್ಡಿಗೆ ಬೆಲೆಯೂ ಇಲ್ಲ, ಹೆಸರೂ ಇಲ್ಲ. ಇನ್ನೊಂದು ವಿಷಯ. ಬಳ್ಳಾರಿಯಲ್ಲಿ ನಿಮ್ಮ ಕೈಯ ಕೆಲಸ ಮೆಚ್ಚಿದವರು 55 ಕಿಲೋಮೀಟರ್ ದಾಟಿ ಸಿರುಗುಪ್ಪಕ್ಕೆ ಸರ್ವಿಸಿಗೆ ಬರುವುದಿಲ್ಲ. ಶೋರೂಮಿನ ಗಿರಾಕಿಗಳ ಫೋನ್ ನಂಬರ್ ಬರೆದುಕೊಂಡು ಹೋಗುವ ಯೋಚನೆ ಇದ್ದರೆ ಅದನ್ನೂ ಬಿಡಿ. ಅದು ತಪ್ಪು, ಪ್ರಯೋಜನವೂ ಇಲ್ಲ.

ಕೆಲಸದ ವಿಷಯಕ್ಕೂ ಒಂದು ಕೊರತೆ ಹೇಳಬೇಕು. ಕೋಪ ಬೇಡ. ನಾನು ಗ್ಯಾರೇಜ್ ಹಾಕಿ ಇನ್ನೂ ತಿಂಗಳು ತುಂಬಿರಲಿಲ್ಲ. ಕಾರಟಗಿ ಕಡೆಯ ರೈತರೊಬ್ಬರು ಗಾಡಿ ತಂದರು. ಬ್ಯಾಟರಿ ಚಾರ್ಜ್ ಆಗುತ್ತಿಲ್ಲ. ನಾನು ಮೀಟರ್ ಹಿಡಿದು ಎರಡು ನಿಮಿಷದಲ್ಲಿ ಹೇಳಿದೆ, ಡೈನಮೋ ಹೋಗಿದೆ, ಹೊಸದು ಎಂಟು ಸಾವಿರ. ಅವರು ಏನೂ ಅನ್ನಲಿಲ್ಲ. ಟವೆಲ್ ಹೆಗಲಿಗೆ ಹಾಕಿಕೊಂಡು ಎದುರಿನ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದರು. ಆ ಹಿರಿಯ ಮೇಸ್ತ್ರಿ ಡೈನಮೋ ಬಿಚ್ಚಿ ಕಾರ್ಬನ್ ಬ್ರಷ್ ಹಾಕಿದರು, ಒಂದು ಬೇರಿಂಗ್ ಬದಲಿಸಿದರು, ಒಳಗಿನ ಧೂಳು ಊದಿದರು. 700 ರೂಪಾಯಿ. ಗಾಡಿ ಆಮೇಲೆ ಎರಡು ವರ್ಷ ನನ್ನ ಕಣ್ಣ ಮುಂದೆಯೇ ಓಡಾಡಿತು. ಆ ರೈತರು ಮತ್ತೆ ನನ್ನ ಹತ್ತಿರ ಬರಲಿಲ್ಲ.

ಶೋರೂಮಿನಲ್ಲಿ ನಾವು ಕಲಿಯುವುದು ಬದಲಿಸುವುದನ್ನು. ಡೈನಮೋ ಹೋದರೆ ಡೈನಮೋ, ಸೆಲ್ಫ್ ಹೋದರೆ ಸೆಲ್ಫ್, ಇಡೀ ಸೆಟ್ಟೇ ಬದಲು. ಅದು ಮೋಸ ಅಲ್ಲ. ವಾರಂಟಿಯಲ್ಲಿ ಕಂಪನಿ ಕೊಡುವುದೇ ಹಾಗೆ. ಒಳಗಿನ ಬ್ರಷ್ ಬದಲಿಸಿ ನಾಳೆ ಮತ್ತೆ ಕೆಟ್ಟರೆ ಯಾರು ಹೊಣೆ ಅನ್ನುವ ಪ್ರಶ್ನೆಯೂ ಇರುತ್ತದೆ. ಆದರೆ ಹೊರಗೆ ಗಿರಾಕಿ ಬರುವುದು ಬಿಚ್ಚಿ ಸರಿಮಾಡಿ ಕೊಡುವವನ ಹತ್ತಿರ. ಹತ್ತು ವರ್ಷ ಹಳೆಯ ಗಾಡಿಗೆ ಎಂಟು ಸಾವಿರದ ಡೈನಮೋ ಹಾಕಲು ಯಾರಿಗೂ ಮನಸ್ಸಿಲ್ಲ. ಹಾಗಾಗಿ ಈಗಿನಿಂದಲೇ ವಾರದ ರಜೆಯ ದಿನ ಅರ್ಧ ದಿನ ಒಬ್ಬ ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಅಂಗಡಿಯಲ್ಲಿ ಕೂರಿ. ದುಡ್ಡು ಕೇಳಬೇಡಿ, ಟೀ ನೀವೇ ತರಿಸಿ. ಕೆಲವು ಸಲ ಲೇತ್ ಅಂಗಡಿಯಲ್ಲೂ ನಿಲ್ಲಿ. ಒಂದೇ ಕಂಪನಿಯ ಗಾಡಿ ನೋಡಿದ ಕಣ್ಣಿಗೆ ಬೇರೆ ಕಂಪನಿಯ ವೈರಿಂಗ್ ಕೂಡ ಹೊಸದೇ.

ನಿಮ್ಮ ಕೈಯಲ್ಲಿ ಇರುವ ಬಂಡವಾಳವನ್ನೂ ಹೇಳಬೇಕು, ಅದು ಸಣ್ಣದಲ್ಲ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಮಾರುವ ಹೊಸ ಗಾಡಿಗಳೆಲ್ಲ ಬಿಎಸ್‌ 6, ಅಂದರೆ ಹೊಗೆಗೆ ಬಿಗಿಯಾದ ಮಿತಿ ಇರುವ ಗಾಡಿಗಳು. ಆ ಗಾಡಿಗಳು ಈಗ ಒಂದೊಂದಾಗಿ ವಾರಂಟಿ ಮುಗಿಸಿ ಹೊರಗಿನ ಗ್ಯಾರೇಜಿನ ಕಡೆ ಬರುತ್ತಿವೆ. ತಾಲ್ಲೂಕು ಊರುಗಳ ಹಳೆಯ ಮೇಸ್ತ್ರಿಗಳು ಕಿವಿಯಿಂದ ಎಂಜಿನ್ ಓದಬಲ್ಲವರು, ನಾನು ಅವರ ಮುಂದೆ ಕೈ ಮುಗಿಯುತ್ತೇನೆ. ಆದರೆ ಸೆನ್ಸರ್ ಕಿವಿಗೆ ಕೇಳಿಸುವುದಿಲ್ಲ. ಡೀಸೆಲ್ ಗಾಡಿಯ ಡಿಪಿಎಫ್ ವಿಷಯ ತೆಗೆದುಕೊಳ್ಳಿ. ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರ್ ಅದು. ಎಂಜಿನ್ ಚೆನ್ನಾಗಿ ಬಿಸಿಯಾಗಿ ಸ್ವಲ್ಪ ಹೊತ್ತು ವೇಗವಾಗಿ ಓಡಿದರೆ ಒಳಗಿನ ಮಸಿ ತಾನೇ ಸುಟ್ಟುಹೋಗುತ್ತದೆ. ಮನೆಯಿಂದ ಗದ್ದೆಗೆ, ಗದ್ದೆಯಿಂದ ಮಿಲ್ಲಿಗೆ ಎರಡನೇ ಗೇರಿನಲ್ಲೇ ಓಡುವ ಗಾಡಿಯಲ್ಲಿ ಅದು ಸುಡುವುದೇ ಇಲ್ಲ. ಲೈಟ್ ಬರುತ್ತದೆ, ಓಡಿಸುವವರು ಗಮನಿಸುವುದಿಲ್ಲ, ಕೊನೆಗೆ ಗಾಡಿಯ ಎಳೆತವೇ ಹೋಗುತ್ತದೆ. ಕೆಲವರು ಫಿಲ್ಟರ್ ಕೊರೆದು ಖಾಲಿ ಮಾಡಿ ಕಳಿಸುತ್ತಾರೆ. ಆ ದಾರಿ ನೀವು ಹಿಡಿಯಬೇಡಿ. ಗಾಡಿಯ ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿ ಮಸಿ ಸುಡಿಸುವುದು ನಿಮಗೆ ದಿನನಿತ್ಯದ ಕೆಲಸ. ಗಿರಾಕಿಗೆ ವಾರಕ್ಕೊಮ್ಮೆ ಬಳ್ಳಾರಿ ರೋಡಿನಲ್ಲಿ ಅರ್ಧ ಗಂಟೆ ಚೆನ್ನಾಗಿ ಓಡಿಸಿ ಬನ್ನಿ ಅಂತ ಹೇಳಿ ಕಳಿಸಿ. ಹೀಗೆ ಬಿಡಿಸಿ ಹೇಳುವವನ ಹತ್ತಿರ ಜನ ಮತ್ತೆ ಬರುತ್ತಾರೆ.

ಎಸಿ ಕೆಲಸ ಇನ್ನೂ ದೊಡ್ಡದು. ಬಳ್ಳಾರಿ, ರಾಯಚೂರು ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತವೆ. ಇಲ್ಲಿ ಎಸಿ ಶೋಕಿ ಅಲ್ಲ. ಸಂಡೂರು, ತೋರಣಗಲ್ಲು ಕಡೆ ಓಡುವ ಗಾಡಿಯಾದರೆ ಕೆಂಪು ಧೂಳು ಎಸಿಯ ಬಿಸಿ ಹೊರಹಾಕುವ ಕಂಡೆನ್ಸರ್ ಮುಚ್ಚಿಬಿಟ್ಟಿರುತ್ತದೆ. ಅದನ್ನು ತೊಳೆದರೇ ಅರ್ಧ ತಂಪು ವಾಪಸ್. ನಮ್ಮ ಕಡೆ ಎಸಿ ಅಂದರೆ ಗ್ಯಾಸ್ ತುಂಬುವುದು ಅಂತಾಗಿದೆ. ಒಂದೇ ಬೇಸಿಗೆಯಲ್ಲಿ ಗ್ಯಾಸ್ ಖಾಲಿಯಾಯಿತು ಅಂದರೆ ಎಲ್ಲೋ ಲೀಕ್ ಇದೆ ಅಂತಲೇ ಅರ್ಥ. ಲೀಕ್ ಹುಡುಕದೆ ಗ್ಯಾಸ್ ತುಂಬುವವನು ಪ್ರತಿ ವರ್ಷ ದುಡ್ಡು ಮಾಡುತ್ತಾನೆ, ಮೂರನೇ ವರ್ಷ ಗಿರಾಕಿ ಕಳೆದುಕೊಳ್ಳುತ್ತಾನೆ. ಸಿರುಗುಪ್ಪದಲ್ಲಿ "ಎಸಿ ಅಂದರೆ ಅವನ ಹತ್ತಿರವೇ ಹೋಗಬೇಕು" ಅನ್ನಿಸಿಕೊಂಡರೆ ಮಾರ್ಚಿಯಿಂದ ಜೂನ್ ತನಕ ನಿಮಗೆ ಊಟಕ್ಕೆ ಸಮಯ ಸಿಗದು.

ವಾರಂಟಿ ಒಳಗಿನ ಗಾಡಿಗಳ ಆಸೆ ಇಟ್ಟುಕೊಳ್ಳಬೇಡಿ. ನಾಲ್ಕು ವರ್ಷ ದಾಟಿದ ಗಾಡಿಯೇ ನಿಮ್ಮ ಗಿರಾಕಿ. ಒರಿಜಿನಲ್ ಸಾಮಾನು ಸಿಗುವುದು ನಮ್ಮ ಕಾಲಕ್ಕಿಂತ ಸುಲಭ. 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರ್ ಕಂಪನಿಗಳಿಗೆ ದಂಡ ಹಾಕಿತ್ತು. ಹೊರಗಿನ ಗ್ಯಾರೇಜುಗಳಿಗೆ ಸಾಮಾನು, ರಿಪೇರಿ ಮಾಹಿತಿ, ಪರೀಕ್ಷೆಯ ಉಪಕರಣ ಸಿಗದ ಹಾಗೆ ಮಾಡಿದ್ದಾರೆ ಅನ್ನುವುದು ಆರೋಪ. ಕೇಸು ಮೇಲಿನ ಕೋರ್ಟುಗಳಿಗೂ ಹೋಯಿತು. 2009ರಲ್ಲಿ ನಾನು ಒಂದು ಸಣ್ಣ ಸೆನ್ಸರಿಗಾಗಿ ಹಳೆಯ ಶೋರೂಮಿನ ಗೇಟಿನಲ್ಲಿ ಎರಡು ತಾಸು ನಿಂತಿದ್ದೆ. ಈಗ ಪಾರ್ಟ್ಸ್ ಕೌಂಟರಿನವರೇ ಫೋನ್ ಮಾಡಿ ಏನು ಬೇಕು ಅಂತಾರೆ.

ನಮ್ಮ ಭಾಗದ ಗ್ಯಾರೇಜಿನ ವರ್ಷ ಭತ್ತದ ಜೊತೆ ನಡೆಯುತ್ತದೆ. ಮುಂಗಾರಿನಲ್ಲಿ ನಾಟಿಯ ಖರ್ಚು, ಆಗ ಗಾಡಿ ಕೆಟ್ಟರೂ ತಂತಿ ಕಟ್ಟಿ ಓಡಿಸುತ್ತಾರೆ. ನವೆಂಬರ್, ಡಿಸೆಂಬರಿನಲ್ಲಿ ಕಟಾವಾಗಿ ದುಡ್ಡು ಕೈಗೆ ಬಂದ ಮೇಲೆ ಒಂದೇ ಸಲ ಎಲ್ಲಾ ಗಾಡಿ ನುಗ್ಗುತ್ತವೆ. ತುಂಗಭದ್ರೆಯಲ್ಲಿ ನೀರಿಲ್ಲ ಅಂದರೆ ನಮಗೂ ಕೆಲಸವಿಲ್ಲ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋಯಿತಲ್ಲ, ಮರುದಿನದಿಂದ ನನ್ನ ಗ್ಯಾರೇಜಿನಲ್ಲಿ ಮೌನ. ಬುಕ್ ಮಾಡಿದ್ದ ಎರಡು ಎಂಜಿನ್ ಕೆಲಸ ಅಲ್ಲೇ ನಿಂತವು. ಗೇಟ್ ಕೂರಿಸುವ ತನಕ ಜನ ಟೈರಿಗೆ ಗಾಳಿ ಬಿಟ್ಟು ಬೇರೇನೂ ಕೇಳಲಿಲ್ಲ. ಶೋರೂಮಿನಲ್ಲಿದ್ದಾಗ ಡ್ಯಾಮಿನ ಮಟ್ಟ ಎಷ್ಟು ಅಂತ ನಾನು ಒಮ್ಮೆಯೂ ಪೇಪರಿನಲ್ಲಿ ನೋಡಿರಲಿಲ್ಲ. ಈಗ ಜುಲೈ ಬಂದರೆ ದಿನಾ ನೋಡುತ್ತೇನೆ.

ಈಗ ಸೈಟ್. ಸಿರುಗುಪ್ಪದ್ದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ನನ್ನ ಮೊದಲ ಶೆಡ್ಡಿನಲ್ಲಿ ಎರೆ ಮಣ್ಣಿನ ಮೇಲೇ ನಾಲ್ಕು ಇಂಚು ಕಾಂಕ್ರೀಟ್ ಹಾಕಿಸಿ ಗಾಡಿ ಎತ್ತುವ ಲಿಫ್ಟ್ ನಿಲ್ಲಿಸಿದ್ದೆ. ಎರಡನೇ ಬೇಸಿಗೆಗೆ ನೆಲ ಸೀಳಿತು, ಒಂದು ಕಂಬದ ಬೋಲ್ಟ್ ಎದ್ದಿತು. ಮೇಲೆ ಗಾಡಿ ಇರಲಿಲ್ಲ, ಕೆಳಗೆ ಹುಡುಗ ಇರಲಿಲ್ಲ. ದೇವರು ದೊಡ್ಡವನು. ನೀವು ಎರಡು ಮೂರು ಅಡಿ ಎರೆ ಮಣ್ಣು ತೆಗೆಸಿ, ಗರಸು ತುಂಬಿಸಿ, ನೀರು ಹೊಡೆದು ದಮ್ಮಸು ಮಾಡಿಸಿ. ಲಿಫ್ಟಿನ ಕಂಬ ಬರುವ ಜಾಗದಲ್ಲಿ ಎಷ್ಟು ದಪ್ಪ ಕಾಂಕ್ರೀಟ್, ಎಷ್ಟು ಕಬ್ಬಿಣ ಅಂತ ಲಿಫ್ಟ್ ಕೊಡುವವರು ಬರೆದು ಕೊಡುತ್ತಾರೆ, ಅದರಲ್ಲಿ ಒಂದು ಇಂಚೂ ಉಳಿಸಬೇಡಿ. ಲಿಫ್ಟ್ ಬದಲು ಗುಂಡಿ ತೋಡಿಸಿದರೆ ಸಸ್ತಾ ಅಂತ ಯಾರಾದರೂ ಹೇಳುತ್ತಾರೆ. ಕಾಲುವೆಗೆ ನೀರು ಬಿಟ್ಟಾಗ ಅದರಲ್ಲಿ ನೀರು ಜಿನುಗುತ್ತದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಅದೂ ಅಲ್ಲೇ ಇಳಿದು ಕೂರುತ್ತದೆ. ಒಂದು ಕಿಡಿ ಸಾಕು.

ದುಡ್ಡಿನ ವಿಷಯದಲ್ಲಿ ನನ್ನ ಮಾತು ಕಠಿಣ. ಹೆಂಡತಿಯ ಬಂಗಾರ ಶೆಡ್ಡಿಗೆ ಹಾಕಬೇಡಿ. ಅದು ಬೀರುವಿನಲ್ಲೇ ಇರಲಿ, ಆರು ತಿಂಗಳು ಗಳಿಕೆ ಇಲ್ಲದಿದ್ದರೆ ಮನೆ ನಡೆಸಲು. ಶೆಡ್ಡಿಗೆ, ಸಾಮಗ್ರಿಗೆ ಮುದ್ರಾ ಸಾಲ ಕೇಳಿ. ಅದರ ಕಿಶೋರ್ ವಿಭಾಗದಲ್ಲಿ 50 ಸಾವಿರದಿಂದ 5 ಲಕ್ಷದ ತನಕ ಅಡಮಾನ ಇಲ್ಲದೆ ಸಾಲ ಸಿಗುತ್ತದೆ. ಐಟಿಐ ಸರ್ಟಿಫಿಕೇಟ್, ಶೋರೂಮಿನ ಅನುಭವ ಪತ್ರ, ಲಿಫ್ಟ್ ಮತ್ತು ಸ್ಕ್ಯಾನರಿನ ಕೊಟೇಷನ್ ಇಟ್ಟುಕೊಂಡು ಹೋಗಿ. ಎಲ್ಲಾ ಒಂದೇ ಸಲ ಕೊಳ್ಳಬೇಡಿ. ಲಿಫ್ಟ್, ಕಂಪ್ರೆಸರ್, ಒಳ್ಳೆಯ ಸ್ಕ್ಯಾನರ್, ಎಸಿ ಸೆಟ್ ಸಾಕು. ಟಿಂಕರಿಂಗ್, ಪೇಂಟಿಂಗ್ ಊರಿನ ಬೇರೆಯವರಿಗೆ ಕೊಡಿ, ಅವರು ನಿಮಗೆ ಎಂಜಿನ್ ಕೆಲಸ ಕಳಿಸುತ್ತಾರೆ.

ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ, ಆನ್‌ಲೈನಿನಲ್ಲಿ ಪುಕ್ಕಟೆ, ಏಜೆಂಟ್‌ಗೆ ಕಾಸು ಕೊಡಬೇಡಿ. ಅದರ ಉಪಯೋಗ ರೈಸ್ ಮಿಲ್ಲು, ಫ್ಯಾಕ್ಟರಿಗಳ ಗಾಡಿ ಹಿಡಿದಾಗ ಗೊತ್ತಾಗುತ್ತದೆ. ನೋಂದಣಿ ಇರುವ ಸಣ್ಣ ಉದ್ಯಮಕ್ಕೆ ದೊಡ್ಡವರು ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ ಕಾನೂನೇ ಇದೆ. ಜಿಎಸ್‌ಟಿ ವರ್ಷಕ್ಕೆ 20 ಲಕ್ಷದ ವ್ಯವಹಾರ ದಾಟುವ ತನಕ ಕಡ್ಡಾಯವಲ್ಲ. ಲೇಬರ್ ಜೊತೆ ಸಾಮಾನಿನ ದುಡ್ಡೂ ಅದರಲ್ಲಿ ಸೇರುತ್ತದೆ ಅನ್ನುವುದು ನೆನಪಿರಲಿ. ಊರಿನ ಟ್ರೇಡ್ ಲೈಸೆನ್ಸ್ ಮಾಡಿಸಿ. ಹಳೆಯ ಆಯಿಲ್ ಚರಂಡಿಗೆ ಬಿಡಬೇಡಿ, ಡ್ರಮ್ಮಿನಲ್ಲಿ ಕೂಡಿಸಿ ಅನುಮತಿ ಇರುವವರಿಗೇ ಕೊಡಿ. ಆಮೇಲೆ, ಯಾರಾದರೂ ಬಂದು "ಶಾಲೆಗೆ ಹೋಗಲ್ಲ ಅಂತಾನೆ, ನಿನ್ನ ಹತ್ತಿರ ಕಲೀಲಿ" ಅಂತ ಹನ್ನೆರಡು ವರ್ಷದ ಹುಡುಗನನ್ನು ಬಿಟ್ಟು ಹೋಗುತ್ತಾರೆ. ನಮ್ಮ ತಲೆಮಾರಿನ ಮೇಸ್ತ್ರಿಗಳು ಹಾಗೇ ಕಲಿತವರು, ನಿಜ. ಈಗ 14ರ ಒಳಗಿನವರನ್ನು ಇಟ್ಟುಕೊಳ್ಳುವುದು ಅಪರಾಧ. ವಾಪಸ್ ಶಾಲೆಗೆ ಕಳಿಸಿ.

ಹಾಗಾದರೆ ಬಿಡಬೇಕೋ ಇರಬೇಕೋ? ಬಿಡಿ, ಆದರೆ ಈಗಲ್ಲ. ಮೊದಲು ನಿಮ್ಮ ಮ್ಯಾನೇಜರ್ ಹತ್ತಿರ ಹೋಗಿ ಫ್ಲೋರಿನಿಂದ ಅಡ್ವೈಸರ್ ಕುರ್ಚಿಗೆ ಹಾಕಿ ಅಂತ ಕೇಳಿ. ಏಳು ವರ್ಷದ ಮೆಕ್ಯಾನಿಕ್ ಅಡ್ವೈಸರ್ ಆಗುತ್ತೇನೆ ಅಂದರೆ ಬಹಳ ಮಂದಿ ಖುಷಿಯಿಂದ ಒಪ್ಪುತ್ತಾರೆ. ಒಪ್ಪದಿದ್ದರೆ ಪಾರ್ಟ್ಸ್ ಕೌಂಟರ್ ಕೇಳಿ. ಅಲ್ಲಿ ಒಂದು ವರ್ಷ ಕೂರಿ. "ಏನೋ ಸೌಂಡ್ ಬರ್ತದ್ರಿ" ಅನ್ನುವ ಗಿರಾಕಿಯ ಜೊತೆ ಗಾಡಿಯಲ್ಲಿ ಕೂತು ಆ ಸೌಂಡ್ ಯಾವುದು ಅಂತ ಹಿಡಿಯುವುದು, ಅಂದಾಜು ಖರ್ಚು ಮೊದಲೇ ಹೇಳುವುದು, ಹೇಳಿದ್ದಕ್ಕಿಂತ ಜಾಸ್ತಿಯಾದರೆ ಪಾನಾ ಎತ್ತುವ ಮೊದಲು ಫೋನ್ ಮಾಡುವುದು, ಸಿಟ್ಟಾದವರ ಮುಂದೆ ಸುಮ್ನೆ ನಿಲ್ಲುವುದು, ಇದೆಲ್ಲ ಬೇರೆಯವರ ದುಡ್ಡಿನಲ್ಲಿ ಕಲಿಯಲು ಸಿಗುವ ಜಾಗ ಅದೊಂದೇ. ನಾನು ಇದನ್ನು ನನ್ನ ದುಡ್ಡಿನಲ್ಲಿ ಕಲಿತೆ. 74 ಸಾವಿರದ ಲೆಕ್ಕ ಮೇಲೆ ಹೇಳಿದೆನಲ್ಲ.

ಆ ಕುರ್ಚಿಯೇ ನಿಮಗೆ ಹಿಡಿಸಿಬಿಟ್ಟರೆ ಅಲ್ಲೇ ಇರಿ, ನಾಚಿಕೆ ಬೇಡ. ನನ್ನ ಜೊತೆ ಪಾನಾ ಹಿಡಿದವನೊಬ್ಬ ಈಗ ವರ್ಕ್ಸ್ ಮ್ಯಾನೇಜರ್. ನನಗಿಂತ ಜಾಸ್ತಿ ಗಳಿಸುತ್ತಾನೆ, ಭಾನುವಾರ ಮಕ್ಕಳ ಜೊತೆ ಇರುತ್ತಾನೆ, ಬೆನ್ನು ನೋವಿಲ್ಲ. ಆದರೆ ಫ್ಲೋರಿನಲ್ಲೇ ಉಳಿಯುವುದಾದರೆ ಯೋಚಿಸಿ. ಐವತ್ತು ದಾಟಿದ ಮೆಕ್ಯಾನಿಕ್ ಶೋರೂಮ್ ಫ್ಲೋರಿನಲ್ಲಿ ಇರುವುದನ್ನು ನಾನು ನೋಡಿದ್ದು ಅಪರೂಪ. ಮೇಲೆ ಹೋಗಿರುತ್ತಾರೆ, ಇಲ್ಲಾ ಹೊರಗೆ ಹೋಗಿರುತ್ತಾರೆ.

ಹೊರಗೆ ಬರುವುದೇ ಆದರೆ ಫೆಬ್ರವರಿಯಲ್ಲಿ ಬಾಗಿಲು ತೆರೆಯಿರಿ. ಭತ್ತದ ದುಡ್ಡು ಊರಿನಲ್ಲಿ ಓಡಾಡುತ್ತಿರುತ್ತದೆ, ಮುಂದೆಯೇ ಎಸಿ ಕಾಲ. ಆಷಾಢದಲ್ಲಿ ತೆರೆದರೆ ಮೊದಲ ನಾಲ್ಕು ತಿಂಗಳು ನೊಣ ಹೊಡೆಯಬೇಕು.

ಬಿಡುವಾಗ ಜಗಳ ಮಾಡಿಕೊಂಡು ಬಿಡಬೇಡಿ. ಬರವಣಿಗೆಯಲ್ಲಿ ನೋಟಿಸ್ ಕೊಡಿ, ರಿಲೀವಿಂಗ್ ಲೆಟರ್ ತೆಗೆದುಕೊಳ್ಳಿ. ಐದು ವರ್ಷ ದಾಟಿರುವುದರಿಂದ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಮಾಲೀಕರು ಕೊಡಬೇಕಾದ ಸೇವೆಯ ದುಡ್ಡು, ನಿಮ್ಮ ಹಕ್ಕು. ಬೇಸಿಕ್ 13,000ವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 7,500. ಏಳು ವರ್ಷಕ್ಕೆ 52,500, ಇನ್ನೊಂದು ವರ್ಷ ಇದ್ದರೆ 60,000. ಬಹಳ ಮಂದಿ ಮೆಕ್ಯಾನಿಕ್‌ಗಳು ಇದನ್ನು ಕೇಳದೆ ಬಂದುಬಿಡುತ್ತಾರೆ. ಪಿಎಫ್ ಪೋರ್ಟಲಿನಲ್ಲಿ ಕೆಲಸ ಬಿಟ್ಟ ದಿನಾಂಕ ಹಾಕಿದ್ದಾರಾ ಅಂತ ನೀವೇ ನೋಡಿ, ಅದಿಲ್ಲದಿದ್ದರೆ ದುಡ್ಡು ತೆಗೆಯುವಾಗ ಅಲೆದಾಟ. ಪಿಂಚಣಿಗೆ ಹತ್ತು ವರ್ಷ ಬೇಕು, ನಿಮಗೆ ಆಗುವುದು ಎಂಟು. ಆ ಭಾಗವನ್ನು ತೆಗೆಯದೆ ಸ್ಕೀಮ್ ಸರ್ಟಿಫಿಕೇಟ್ ಮಾಡಿಸಿಕೊಂಡರೆ ಮುಂದೆ ಎಲ್ಲಾದರೂ ಕೆಲಸಕ್ಕೆ ಸೇರಿದಾಗ ಈ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ಕೊನೆಯ ದಿನ ವರ್ಕ್ಸ್ ಮ್ಯಾನೇಜರ್‌ಗೆ ನಿಮ್ಮ ಗ್ಯಾರೇಜಿನ ಕಾರ್ಡ್ ಕೊಟ್ಟು ಬನ್ನಿ. ಸಿರುಗುಪ್ಪ ರೋಡಿನಲ್ಲಿ ಅವರ ಗಿರಾಕಿಯ ಗಾಡಿ ರಾತ್ರಿ ನಿಂತರೆ ಬಳ್ಳಾರಿಯಿಂದ ಕ್ರೇನ್ ಕಳಿಸುವ ಮೊದಲು ಅವರು ನಿಮಗೇ ಫೋನ್ ಮಾಡಬೇಕು.